ಸೈಫೆನ್‌ಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಡ್ರೆಸ್ಡೆನ್‌ನಿಂದ ಒಂದು ದಿನದ ಮಟ್ಟಿಗೆ ಸೈಫೆನ್‌ಗೆ ಹೋಗಿಬರಬೇಕು ಅಂತ ಬರೆದಿದ್ದೀಯ. ಅಲ್ಲಿ ಏನು ನೋಡಬೇಕು, ಏನು ಕೊಳ್ಳಬೇಕು ಅಂತ ಕೇಳಿದ್ದೀಯ. ನೀನು ಚನ್ನಪಟ್ಟಣದವನು, ಮರವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರದ ಸದ್ದಿನಲ್ಲೇ ಬೆಳೆದವನು. ಹಾಗಾಗಿ ಎಲ್ಲ ಪ್ರವಾಸಿಗರಿಗೂ ಹೇಳುವಂತೆ "ಚೆಂದದ ಹಳ್ಳಿ, ಚೆಂದದ ಗೊಂಬೆ" ಅಂತ ಹೇಳಿ ಮುಗಿಸಲು ಮನಸ್ಸಿಲ್ಲ. ಆ ಊರಲ್ಲಿ ಮರ ಕಡೆಯುವ ಒಂದು ವಿದ್ಯೆ ಇದೆ. ಅದನ್ನು ನೀನು ಕಣ್ಣಾರೆ ನೋಡಲೇಬೇಕು, ನೋಡುವ ಮೊದಲು ಸ್ವಲ್ಪ ತಿಳಿದುಕೊಂಡಿರಬೇಕು. ಇಲ್ಲದಿದ್ದರೆ ಕಣ್ಣೆದುರೇ ನಡೆದರೂ ಏನು ನಡೆಯಿತು ಅನ್ನುವುದು ತಪ್ಪಿಹೋಗುತ್ತದೆ.

ಊರು ಇರುವುದು ಜರ್ಮನಿಯ ಸ್ಯಾಕ್ಸನಿ ರಾಜ್ಯದ ಎರ್ಟ್ಸ್‌ಗೆಬಿರ್ಗೆ ಬೆಟ್ಟಸಾಲಿನಲ್ಲಿ, ಚೆಕ್ ಗಡಿಗೆ ತಾಗಿದಂತೆ. ಕಣಿವೆಯ ಉದ್ದಕ್ಕೂ ಒಂದೇ ದೊಡ್ಡ ಬೀದಿ. ಇಳಿಜಾರು ಸೂರಿನ ಮನೆಗಳು, ಸುತ್ತ ಸ್ಪ್ರೂಸ್ ಅನ್ನುವ ಸೂಜಿ ಎಲೆಯ ಮರದ ಕಾಡು. ಒಂದು ಕಾಲಕ್ಕೆ ಇದು ತವರದ ಊರು. ತೊರೆಯ ಮರಳಿನಲ್ಲಿ ತವರದ ಅದಿರನ್ನು ತೊಳೆದು ತೆಗೆಯುತ್ತಿದ್ದರು, ಆಮೇಲೆ ಬೆಟ್ಟ ಕೊರೆದರು. ಅದಿರು ಕಡಿಮೆಯಾದಂತೆ ಗಣಿಯವರು ಮರದ ತಟ್ಟೆ, ಗುಂಡಿ, ಕದಿರು ಕಡೆಯಲು ಶುರು ಮಾಡಿದರು. 17ನೇ ಶತಮಾನ ಮುಗಿಯುವ ಹೊತ್ತಿಗೆ ಇಲ್ಲಿನ ಮರದ ಸಾಮಾನು ದೂರದ ಊರಿನ ಜಾತ್ರೆಗೆ ಹೋಗುತ್ತಿತ್ತು. 19ನೇ ಶತಮಾನದ ನಡುವೆ ಗಣಿ ನಿಂತಿತು, ಊರಿಗೆ ಊರೇ ಆಟಿಕೆ ಮಾಡುವ ಕೈಯಾಯಿತು. ಗಣಿಗೆಂದು ತಿರುಗಿಸಿಕೊಂಡಿದ್ದ ನೀರೂ ಗಾಲಿಯೂ ಲೇತಿಗೆ ಒದಗಿದವು. ಕಾಡು ಎದುರಿಗೇ ಇತ್ತು. ಹೊಟ್ಟೆಯ ಹಸಿವಂತೂ ಇದ್ದೇ ಇತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅವರ ಭಾಷೆಯಲ್ಲಿ ಇದಕ್ಕೆ ರೈಫೆನ್‌ಡ್ರೇಯೆನ್ ಅನ್ನುತ್ತಾರೆ. ಬಳೆ ಕಡೆಯುವುದು ಅಂದುಕೋ. ಸುಮಾರು 1800ರ ಆಸುಪಾಸಿನಲ್ಲಿ ಈ ಸೀಮೆಯಲ್ಲಿ ಹುಟ್ಟಿದ ಪದ್ಧತಿ ಇದು. ನಮ್ಮಲ್ಲಿ ಲೇತಿನ ಮೇಲೆ ಒಂದು ಕಡ್ಡಿ ಕಚ್ಚಿಸಿ ಒಂದು ಗೊಂಬೆ ಕಡೆಯುತ್ತಾರೆ, ಆ ಗೊಂಬೆ ಗುಂಡಗಿರುತ್ತದೆ. ಇಲ್ಲಿ ದಪ್ಪ ದಿಮ್ಮಿಯ ಒಂದು ಬಿಲ್ಲೆಯನ್ನು ಕಚ್ಚಿಸಿ ಕಾರಿನ ಟೈರಿನ ಆಕಾರದ ಬಳೆ ಕಡೆಯುತ್ತಾರೆ. ಆ ಬಳೆಯನ್ನು ಚಾಕು ಇಟ್ಟು ಸೀಳಿದರೆ ಪ್ರತಿ ಸೀಳೂ ಒಂದೊಂದು ಕುದುರೆ, ಹಸು, ಆನೆ. ಅಂದರೆ ಬಳೆಯ ಅಡ್ಡಸೀಳಿನಲ್ಲಿ ಪ್ರಾಣಿಯ ಪಕ್ಕನೋಟ ಅಡಗಿರುತ್ತದೆ. ಕಡೆಯುವವನಿಗೆ ಆ ನೋಟ ಕಾಣುವುದಿಲ್ಲ. ಅವನಿಗೆ ಕಾಣುವುದು ತಿರುಗುತ್ತಿರುವ ಏರುತಗ್ಗು ಮಾತ್ರ. ಇಲ್ಲಿ ಒಂದು ಕೊರಕಲು ಅಂದರೆ ಕುತ್ತಿಗೆ, ಇಲ್ಲೊಂದು ದಿಬ್ಬ ಅಂದರೆ ಬೆನ್ನು. ಕಿವಿಯೆಲ್ಲಿ, ಗೊರಸೆಲ್ಲಿ ಅನ್ನುವುದೆಲ್ಲ ಅವನ ತಲೆಯಲ್ಲಿ ಮತ್ತು ಉಳಿ ಹಿಡಿದ ಕೈಯಲ್ಲಿ ಇರಬೇಕು. ಸೀಳಿದಾಗಲೇ ಸರಿಯೋ ತಪ್ಪೋ ಗೊತ್ತಾಗುವುದು.

ಹಂತಹಂತವಾಗಿ ಹೇಳುತ್ತೇನೆ, ನಿನಗೆ ಬೇಕಾಗುವುದು ಅದೇ.

ಮರ ಸ್ಪ್ರೂಸ್. ಬೆಟ್ಟದ ಚಳಿಯಲ್ಲಿ ನಿಧಾನವಾಗಿ ಬೆಳೆದದ್ದು, ವರ್ಷದ ಉಂಗುರಗಳು ಒತ್ತೊತ್ತಾಗಿ ಒಂದೇ ಸಮ ಇರುವುದು. ಈ ಮರ ಪ್ರತಿ ವರ್ಷ ಒಂದೇ ಎತ್ತರದಲ್ಲಿ ಸುತ್ತಲೂ ಕೊಂಬೆ ಬಿಡುತ್ತದೆ. ಹಾಗಾಗಿ ಕಾಂಡದಲ್ಲಿ ಗಂಟುಗಳು ಒಂದು ಸುತ್ತಿನಲ್ಲಿ ಗುಂಪಾಗಿ ಕೂತಿರುತ್ತವೆ, ಆಮೇಲೆ ಒಂದಷ್ಟು ದೂರ ಗಂಟಿಲ್ಲದ ಮರ. ಬಿಲ್ಲೆ ಕತ್ತರಿಸುವುದು ಆ ಗಂಟಿಲ್ಲದ ಜಾಗದಲ್ಲಿ. ಒಂದೇ ಒಂದು ಗಂಟು ನುಸುಳಿದರೂ ಅಲ್ಲಿ ಸೀಳು ನೇರ ಹೋಗದೆ ಓರೆಯಾಗುತ್ತದೆ, ಪಕ್ಕದ ಎರಡು ಮೂರು ಪ್ರಾಣಿಗಳ ಕಾಲು ಮುರಿಯುತ್ತದೆ. ತಿರುಳು ದಿಮ್ಮಿಯ ನಟ್ಟನಡುವೆ ಇರಬೇಕು. ಇಳಿಜಾರಿನಲ್ಲಿ ಬಾಗಿ ಬೆಳೆದ ಮರದಲ್ಲಿ ತಿರುಳು ಒಂದು ಬದಿಗೆ ಸರಿದಿರುತ್ತದೆ, ಅಂಥದು ಬೇಡ. ಒಂದು ಕಡೆ ಉಂಗುರ ದಪ್ಪ, ಇನ್ನೊಂದು ಕಡೆ ಸಣ್ಣ ಆಗಿ, ಉಳಿ ಒಂದೊಂದು ಕಡೆ ಒಂದೊಂದು ರೀತಿ ಕಚ್ಚುತ್ತದೆ.

ಮರ ಹಸಿಯಾಗಿರಬೇಕು. ಇಲ್ಲಿ ನಿನಗೆ ಮೊದಲ ಆಶ್ಚರ್ಯ ಕಾದಿದೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ನಮ್ಮ ಆಲೆ ಮರವನ್ನು ತಿಂಗಳುಗಟ್ಟಲೆ ಒಣಗಿಸಿದ ಮೇಲೇ ಲೇತಿಗೆ ಹಾಕುವುದು. ಇಲ್ಲಿ ಕಡೆಯುವ ತನಕ ಒಣಗದ ಹಾಗೆ ಕಾಪಾಡುತ್ತಾರೆ, ನೀರಿನಲ್ಲಿಟ್ಟರೂ ಸರಿಯೇ. ಕಾರಣ ಇದೆ. ಬಿಲ್ಲೆಯನ್ನು ಕಚ್ಚಿಸುವುದು ಮರದ ಎಳೆ ಲೇತಿನ ಅಕ್ಷದ ದಿಕ್ಕಿಗೇ ಇರುವ ಹಾಗೆ, ಅಂದರೆ ಉಳಿಗೆ ಎದುರಾಗುವುದು ಎಳೆಗಳ ಕತ್ತರಿಸಿದ ತುದಿ. ಸ್ಪ್ರೂಸ್‌ನಲ್ಲಿ ವಸಂತದಲ್ಲಿ ಬೆಳೆದ ಭಾಗ ತೀರಾ ಮೆದು, ಬೇಸಗೆಯ ಕೊನೆಗೆ ಬೆಳೆದ ಭಾಗ ಗಟ್ಟಿ. ಒಣಗಿದ್ದರೆ ಮೆದು ಭಾಗ ಕತ್ತರಿಸಿಕೊಳ್ಳದೆ ಕಿತ್ತು ಬರುತ್ತದೆ, ಮೈ ತರಿತರಿಯಾಗುತ್ತದೆ. ಹಸಿಯಾಗಿದ್ದರೆ ಎರಡೂ ಒಂದೇ ಸಮ ಕತ್ತರಿಸುತ್ತವೆ, ಸಿಪ್ಪೆ ಉದ್ದುದ್ದ ಹಾರುತ್ತದೆ. ಹತ್ತಿರ ನಿಂತರೆ ನಿನ್ನ ಮೇಲೂ ನೀರು ಸಿಡಿಯುತ್ತದೆ.

ಹಸಿ ಮರ ಒಣಗುವಾಗ ಸಿಡಿದು ಬಿರುಕು ಬಿಡುವುದಿಲ್ಲವೇ ಅಂತ ನೀನು ಕೇಳುವುದು ನನಗೆ ಗೊತ್ತು. ಇಡೀ ಬಿಲ್ಲೆಯನ್ನು ಒಣಗಲು ಬಿಟ್ಟರೆ ಖಂಡಿತ ಬಿಡುತ್ತದೆ. ಮರ ಉಂಗುರದ ಗುಂಟ ಕುಗ್ಗುವುದು ತಿರುಳಿನ ಕಡೆಗೆ ಕುಗ್ಗುವುದರ ಹೆಚ್ಚುಕಡಿಮೆ ದುಪ್ಪಟ್ಟು. ನಡುವೆ ಮರ ತುಂಬಿಕೊಂಡಿದ್ದರೆ ಸುತ್ತಳತೆ ಕುಗ್ಗಲು ಜಾಗವಿಲ್ಲದೆ ಹೊರಗಿನಿಂದ ಒಳಕ್ಕೆ ಸೀಳಿಕೊಳ್ಳುತ್ತದೆ. ಬಳೆಯಲ್ಲಿ ನಡು ಖಾಲಿ. ಇಡೀ ಬಳೆ ತುಸು ಚಿಕ್ಕದಾಗಿ ಆ ಒತ್ತಡವನ್ನು ತೀರಿಸಿಕೊಳ್ಳುತ್ತದೆ. ಸೀಳಿದ ಮೇಲಂತೂ ಒಂದೊಂದು ತುಂಡೂ ತನ್ನಷ್ಟಕ್ಕೆ ಒಣಗುತ್ತದೆ.

ಬಿಲ್ಲೆಯನ್ನು ಲೇತಿನ ತಲೆಯ ಕಬ್ಬಿಣದ ಕಚ್ಚಿಗೆ, ಅಂದರೆ ಮರವನ್ನು ಕಚ್ಚಿ ಹಿಡಿಯುವ ಭಾಗಕ್ಕೆ, ಬಡಿದು ಕೂರಿಸುತ್ತಾರೆ. ಮೊದಲು ಹೊರಮೈ ಗುಂಡಗೆ ಮಾಡಿ, ಎದುರಿನ ಮುಖವನ್ನು ಮಟ್ಟ ಮಾಡಿ, ಆ ಮುಖದಿಂದಲೇ ಪ್ರಾಣಿಯ ಕೆಳಭಾಗ ತೆಗೆಯುತ್ತಾರೆ. ಎರಡು ಕಾಲಿನ ನಡುವಿನ ಟೊಳ್ಳು, ಹೊಟ್ಟೆ, ಗದ್ದದ ಕೆಳಗಿನ ಕೊರಕಲು. ಆಮೇಲೆ ಬಳೆಯನ್ನು ದಿಮ್ಮಿಯಿಂದ ಬೇರೆ ಮಾಡಿ, ತಿರುಗಿಸಿ, ಅದಕ್ಕೆಂದೇ ಅಳತೆಗೆ ಕಡೆದಿಟ್ಟ ಮರದ ಕಚ್ಚಿನಲ್ಲಿ ಬಿಗಿಯಾಗಿ ಕೂರಿಸಿ ಬೆನ್ನು, ತಲೆ, ಬಾಲದ ಬುಡ ತೆಗೆಯುತ್ತಾರೆ. ಈ ತಿರುಗಿಸುವ ಗಳಿಗೆಯೇ ಎಲ್ಲಕ್ಕಿಂತ ನಾಜೂಕು. ಬಳೆ ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ಹೊಟ್ಟೆಯ ಸುತ್ತೂ ಬೆನ್ನಿನ ಸುತ್ತೂ ಹೊಂದುವುದಿಲ್ಲ. ಆಗ ಬಳೆಯ ಒಂದು ಬದಿಯ ಪ್ರಾಣಿಗಳಿಗೆ ತಲೆ ಮುಂದಕ್ಕೆ ಜಾರಿರುತ್ತದೆ, ಎದುರು ಬದಿಯವಕ್ಕೆ ಹಿಂದಕ್ಕೆ. ಕಡೆಯುವವನ ಹಿಂದಿನ ಹಲಗೆಯಲ್ಲಿ ಸಾಲಾಗಿ ನೇತುಹಾಕಿದ ಉಳಿಗಳನ್ನು ಗಮನಿಸು. ಇಪ್ಪತ್ತು ಮೂವತ್ತು ಬಗೆ ಇರುತ್ತವೆ, ಹಲವಕ್ಕೆ ಮೂತಿ ಬಾಗಿರುತ್ತದೆ. ಕುತ್ತಿಗೆಯ ಕೆಳಗೆ, ಹೊಟ್ಟೆಯ ಒಳಗೆ ನುಗ್ಗಿ ಕತ್ತರಿಸಬೇಕಲ್ಲ, ನೇರ ಉಳಿ ಅಲ್ಲಿಗೆ ಹೋಗದು. ಅಂಥ ಒಳಗಿನ ಕೊರಕಲಿನಲ್ಲಿ ಉಳಿ ತುಸು ಜಾಸ್ತಿ ಕಚ್ಚಿತು ಅಂದರೆ ಬಳೆ ಚೂರಾಗಿ ಹಾರುತ್ತದೆ. ಹಾಗಾಗಿ ಕೊನೆಯ ಸಿಪ್ಪೆ ತೆಗೆಯುವಾಗ ಅವನು ಮಾತಾಡುವುದಿಲ್ಲ, ನೀನೂ ಆಗ ಪ್ರಶ್ನೆ ಕೇಳಬೇಡ.

ಎಳೆಯ ದಿಕ್ಕಿನ ಬಗ್ಗೆ ಒಂದು ಮಾತು, ಯಾಕೆಂದರೆ ಈ ವಿದ್ಯೆಯ ಜಾಣ್ಮೆಯೆಲ್ಲ ಅಲ್ಲಿದೆ. ಎಳೆ ಅಕ್ಷದ ಗುಂಟ ಇದೆ, ಪ್ರಾಣಿಯ ಕಾಲುಗಳೂ ಅಕ್ಷದ ಗುಂಟವೇ ಚಾಚಿವೆ. ಆದ್ದರಿಂದ ಕಡ್ಡಿಯಷ್ಟು ತೆಳ್ಳಗಿನ ಕಾಲಿನಲ್ಲೂ ಎಳೆ ಮೇಲಿನಿಂದ ಕೆಳಗಿನ ತನಕ ತುಂಡಾಗದೆ ಬರುತ್ತದೆ, ಕಾಲು ಮುರಿಯುವುದಿಲ್ಲ. ಸೀಳುವ ದಿಕ್ಕೂ ಎಳೆಯ ಗುಂಟ, ತಿರುಳಿನ ಕಡೆಗೆ. ಸ್ಪ್ರೂಸ್ ಅತ್ಯಂತ ಸಲೀಸಾಗಿ ಸೀಳುವುದು ಆ ದಿಕ್ಕಿನಲ್ಲೇ. ಗರಗಸದ ಅಗತ್ಯವಿಲ್ಲ, ಹೊಟ್ಟಾಗಿ ಮರ ಹಾಳಾಗುವುದಿಲ್ಲ. ಚಾಕು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ತುಂಡು ಬೇರಾಗುತ್ತದೆ.

ಲೆಕ್ಕವನ್ನೂ ನೋಡು. ಬಳೆಯ ಹೊರ ಅಡ್ಡಳತೆ 30 ಸೆಂ.ಮೀ., ಒಳ ಅಡ್ಡಳತೆ 16 ಸೆಂ.ಮೀ. ಅಂತಿಟ್ಟುಕೋ. ಪ್ರಾಣಿಯ ಉದ್ದ 7 ಸೆಂ.ಮೀ. ಆಯಿತು. ಹೊರ ಸುತ್ತಳತೆ ಸುಮಾರು 94 ಸೆಂ.ಮೀ., ಒಳ ಸುತ್ತಳತೆ ಸುಮಾರು 50. ಅದನ್ನು 40 ತುಂಡು ಮಾಡಿದರೆ ಪ್ರತಿ ಪ್ರಾಣಿ ಒಂದು ತುದಿಯಲ್ಲಿ ಹತ್ತಿರಹತ್ತಿರ 2.4 ಸೆಂ.ಮೀ. ದಪ್ಪ, ಇನ್ನೊಂದು ತುದಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, 1.25 ಸೆಂ.ಮೀ. ಅರುವತ್ತು ಮಾಡಿದರೆ 1.6 ಮತ್ತು 0.8. ಅನಾನಸ್ ಬಿಲ್ಲೆಯ ನಡು ತೆಗೆದು ಹೋಳು ಮಾಡಿದರೆ ಹೊರಗೆ ಅಗಲ, ಒಳಗೆ ಕಿರಿದು ಬರುತ್ತದಲ್ಲ, ಅದೇ ಕತೆ. ಹಾಗಾಗಿ ಸೀಳಿದ ತುಂಡು ಇನ್ನೂ ಆಟಿಕೆಯಲ್ಲ. ಚಾಕುವಿನಿಂದ ಆ ದಪ್ಪವನ್ನು ಸರಿಪಡಿಸಬೇಕು, ಅಂಚು ಮುರಿದು ದುಂಡು ಮಾಡಬೇಕು, ಒಂದೇ ಹಲಗೆಯಂತಿರುವ ಕಾಲನ್ನು ಸೀಳಿ ಎರಡು ಮಾಡಬೇಕು, ಕಿವಿ, ಕೊಂಬು, ಬಾಲ ಬೇರೆ ಮಾಡಿ ಅಂಟಿಸಬೇಕು, ಬಣ್ಣ ಹಾಕಬೇಕು.

ಈ ಕೆಲಸ ಯಾರು ಮಾಡುತ್ತಿದ್ದರು ಅನ್ನುವುದನ್ನು ಅಂಗಡಿಯ ಗಾಜಿನ ಕಿಟಕಿ ಹೇಳುವುದಿಲ್ಲ. ಬಳೆ ಕಡೆಯುವವನು ಬಳೆಯನ್ನು ಮಾರುತ್ತಿದ್ದ. ಅದನ್ನು ಕೊಂಡ ಕುಟುಂಬ ಮನೆಯಲ್ಲಿ ಕೂತು ಸೀಳಿ, ಕೆತ್ತಿ, ಬಣ್ಣ ಬಳಿಯುತ್ತಿತ್ತು. ಗಂಡ, ಹೆಂಡತಿ, ಅಜ್ಜಿ, ಮಕ್ಕಳು, ಎಲ್ಲರೂ ಒಂದೇ ಮೇಜಿನ ಸುತ್ತ, ರಾತ್ರಿಯವರೆಗೆ. ವ್ಯಾಪಾರಿ ಅರುವತ್ತರ ಲೆಕ್ಕದಲ್ಲಿ ಕೊಳ್ಳುತ್ತಿದ್ದ, ಅದಕ್ಕೆ ಶಾಕ್ ಅನ್ನುತ್ತಿದ್ದರು. ಅರುವತ್ತು ಪ್ರಾಣಿಗೆ ಸಿಗುತ್ತಿದ್ದದ್ದು ಬಿಡಿಗಾಸು. 19ನೇ ಶತಮಾನದಲ್ಲಿ ಇಂಗ್ಲೆಂಡಿಗೂ ಅಮೆರಿಕಕ್ಕೂ ಹಡಗಿನಲ್ಲಿ ಹೋದ ಬೈಬಲ್ ಕತೆಯ ನೋಹನ ನಾವೆಯ ಆಟಿಕೆಗಳಲ್ಲಿ ನೂರಾರು ಪ್ರಾಣಿಗಳಿರುತ್ತಿದ್ದವು. ಅಷ್ಟು ಪ್ರಾಣಿಗಳನ್ನು ಅಷ್ಟು ಅಗ್ಗಕ್ಕೆ ಕೊಡಲು ಸಾಧ್ಯವಾದದ್ದು ಈ ಬಳೆಯಿಂದ, ಮತ್ತು ಆ ಮೇಜಿನ ಸುತ್ತ ಕೂತ ಮಕ್ಕಳಿಂದ. 20ನೇ ಶತಮಾನದ ಆರಂಭದಲ್ಲಿ ಸುಂಕವನ್ನು ತೂಕದ ಮೇಲೆ ಹಾಕತೊಡಗಿದಾಗ ಬೆಂಕಿಪೆಟ್ಟಿಗೆಯೊಳಗೆ ಇಡೀ ಹಳ್ಳಿ, ಇಡೀ ದೊಡ್ಡಿ ಹಿಡಿಸುವಷ್ಟು ಸಣ್ಣ ಆಟಿಕೆಗಳು ಬಂದವು. ಇಂದು ನಾವು "ಎಷ್ಟು ಮುದ್ದಾಗಿದೆ" ಅನ್ನುವ ಆ ಪುಟ್ಟ ಗಾತ್ರದ ಹಿಂದೆ ಸುಂಕದ ಲೆಕ್ಕ ಇದೆ. ನನ್ನ ಅಭಿಪ್ರಾಯದಲ್ಲಿ ಸೈಫೆನ್ನಿನ ಕಲೆಯನ್ನು ಗೌರವಿಸುವುದು ಅಂದರೆ ಇದನ್ನು ಮರೆಯದೆ ನೋಡುವುದು. ಕಡಿಮೆ ಮರ, ಕಡಿಮೆ ಹೊತ್ತು, ಹೆಚ್ಚು ತುಂಡು ಅನ್ನುವ ಒತ್ತಡದಲ್ಲೇ ಇಷ್ಟು ಸೂಕ್ಷ್ಮವಾದ ಕೈಗಾರಿಕೆ ಬೆಳೆದದ್ದು ನನಗೆ ಇಂದಿಗೂ ದೊಡ್ಡ ಬೆರಗು. 1919ರಲ್ಲಿ ಇಲ್ಲಿನ ಕುಶಲಕರ್ಮಿಗಳು ಡ್ರೆಗೆನೋ ಅನ್ನುವ ಸಹಕಾರ ಸಂಘ ಕಟ್ಟಿಕೊಂಡರು. ಅದು ಈಗಲೂ ನಡೆಯುತ್ತಿದೆ, ಅವರ ಮಳಿಗೆ ಊರಲ್ಲೇ ಇದೆ.

ಇವತ್ತು ಬಳೆ ಕಡೆಯಬಲ್ಲವರು ಬೆರಳೆಣಿಕೆಯಷ್ಟೇ ಮಂದಿ. ಆದರೆ ಮರದ ಆಟಿಕೆ ಮಾಡುವುದು ಜರ್ಮನಿಯಲ್ಲಿ ಸರ್ಕಾರ ಮನ್ನಿಸಿದ ಕಸುಬು. ಮೂರು ವರ್ಷದ ತರಬೇತಿ, ಅದರ ಶಾಲೆ ಸೈಫೆನ್ನಲ್ಲೇ. ಚನ್ನಪಟ್ಟಣಕ್ಕೂ ಅಂಥದ್ದೊಂದು ಗಟ್ಟಿ ಏರ್ಪಾಡು ಬೇಕು ಅಂತ ನಾನು ಮನಸಾರೆ ಬಯಸುತ್ತೇನೆ. ಮಗ ಅಪ್ಪನಿಂದ ಕಲಿಯುವುದು ಒಳ್ಳೆಯದೇ, ಆದರೆ ಅಪ್ಪನೇ ಮಗನನ್ನು ಬೇರೆ ಕೆಲಸಕ್ಕೆ ಕಳಿಸುವ ಕಾಲದಲ್ಲಿ ಅದೊಂದೇ ದಾರಿ ಸಾಲದು.

ಎಲ್ಲಿ ನೋಡಬೇಕು ಅಂದರೆ ಮೊದಲು ಬಯಲು ವಸ್ತುಸಂಗ್ರಹಾಲಯಕ್ಕೆ ಹೋಗು. 1973ರಲ್ಲಿ ತೆರೆದದ್ದು, ಮುಖ್ಯ ಬೀದಿಯಿಂದ ಸ್ವಲ್ಪ ಆಚೆ. ಅಲ್ಲಿ 18ನೇ ಶತಮಾನದ ನೀರಿನ ಗಾಲಿಯ ಲೇತ್ ಮನೆ ಇದೆ, ಬಳೆ ಕಡೆಯುವುದನ್ನು ಮಾಡಿ ತೋರಿಸುತ್ತಾರೆ. ಹಿಂದೆ ಇಂಥ ಮನೆಯೊಳಗೆ ಲೇತಿನ ಜಾಗವನ್ನು ಬಾಡಿಗೆಗೆ ಹಿಡಿದು ಹಲವರು ಕೆಲಸ ಮಾಡುತ್ತಿದ್ದರು. ತೋರಿಸುವ ಹೊತ್ತನ್ನು ಬಾಗಿಲಲ್ಲೇ ಕೇಳಿಕೊಂಡು, ಹತ್ತು ನಿಮಿಷ ಮೊದಲೇ ಹೋಗಿ ಲೇತಿನ ಬಲಕ್ಕೂ ಎಡಕ್ಕೂ ಅಲ್ಲ, ಉಳಿಯ ತುದಿ ಕಾಣುವ ಕಡೆ ನಿಲ್ಲು. ಊರೊಳಗಿನ ಆಟಿಕೆ ವಸ್ತುಸಂಗ್ರಹಾಲಯ 1953ರಿಂದ ಇದೆ. ಅಲ್ಲಿ ಅರ್ಧ ಸೀಳಿದ ಬಳೆಗಳನ್ನು ಇಟ್ಟಿದ್ದಾರೆ. ಅದನ್ನು ಆಮೇಲೆ ನೋಡಿದರೆ ನಿನಗೆ ಪ್ರತಿ ಕೊರಕಲೂ ಯಾಕೆ ಅಂತ ಅರ್ಥವಾಗುತ್ತದೆ.

ಬೆಟ್ಟದ ಮೇಲಿನ ಎಂಟು ಮೂಲೆಯ ಚರ್ಚನ್ನೂ ಬಿಡಬೇಡ. 1776ರಿಂದ 1779ರ ತನಕ ಕಟ್ಟಿದ್ದು. ಊರಲ್ಲಿ ನೀನು ಕೊಳ್ಳುವ ಅರ್ಧ ಆಟಿಕೆಗಳಲ್ಲಿ ಈ ಚರ್ಚು ಇರುತ್ತದೆ, ಅದರ ಮುಂದೆ ಕಪ್ಪು ನಿಲುವಂಗಿ ತೊಟ್ಟು ಹಾಡುವ ಮಕ್ಕಳ ಸಾಲು.

ಸಂಜೆ ಕಿಟಕಿಗಳಲ್ಲಿ ದೀಪ ಹಿಡಿದ ದೇವತೆ ಮತ್ತು ಗಣಿ ಕೆಲಸಗಾರನ ಗೊಂಬೆ ಕಾಣುತ್ತವೆ. ಹಿಂದೆ ಮನೆಯಲ್ಲಿ ಹುಡುಗಿ ಇದ್ದರೆ ಒಂದು ದೇವತೆ, ಹುಡುಗ ಇದ್ದರೆ ಒಬ್ಬ ಗಣಿಗಾರ. ಚಳಿಗಾಲದಲ್ಲಿ ಬೆಳಗಾಗುವ ಮೊದಲೇ ಗಣಿಗೆ ಇಳಿದು ಕತ್ತಲಾದ ಮೇಲೆ ಮೇಲೆ ಬರುತ್ತಿದ್ದವರ ಊರು, ಬೆಳಕಿನ ಮೇಲೆ ಇವರಿಗಿರುವ ಆಸೆ ಸಹಜವೇ.

ಇನ್ನು ಬೇರೆ ಸಾಮಾನುಗಳು. ಗಟ್ಟಿ ಸಿಪ್ಪೆಯ ಸಣ್ಣ ಕಾಯನ್ನು ಬಾಯಲ್ಲಿಟ್ಟು ಒಡೆಯುವ, ಕೆಂಪು ಕೋಟಿನ ರಾಜನ ಗೊಂಬೆ ಇಲ್ಲಿನದೇ. ಫ್ಯುಖ್ಟ್‌ನರ್ ಮನೆತನದ ವಿಲ್‌ಹೆಲ್ಮ್ ಫ್ರೀಡ್ರಿಖ್ ಫ್ಯುಖ್ಟ್‌ನರ್ ಸುಮಾರು 1870ರಲ್ಲಿ ಮಾಡಿದ ರೂಪವೇ ಇಂದಿಗೂ ಎಲ್ಲರ ಮಾದರಿ. ಆ ಮನೆಯವರು ಈಗಲೂ ಮಾಡುತ್ತಾರೆ. ಒಂದು ಗೊಂಬೆಗೆ ನೂರಕ್ಕೂ ಹೆಚ್ಚು ಹಂತದ ಕೆಲಸ. ರಾಜ, ಪೊಲೀಸು, ಸಿಪಾಯಿ, ಹೀಗೆ ಬಡವರನ್ನು ಗದರಿಸುವವರಿಗೇ ಕಾಯಿ ಕಡಿಯುವ ಕೆಲಸ ಕೊಟ್ಟದ್ದು ಆ ಬಡವರ ಜಾಣತನ. ಅಲಂಕಾರಕ್ಕೆಂದು ಮಾಡಿದ ಗೊಂಬೆಯ ಬಾಯಿಗೆ ಅಕ್ರೋಟು ಇಟ್ಟರೆ ದವಡೆಯ ಕೀಲು ಮುರಿಯುತ್ತದೆ. ಒಡೆಯಲೇ ಬೇಕಿದ್ದರೆ ಅದಕ್ಕೆಂದು ಮಾಡಿದ್ದನ್ನು ಕೇಳಿ ತಗೋ, ಹೇಜಲ್‌ನಟ್ ಮಾತ್ರ ಒಡೆ.

ಹೊಗೆ ಬಿಡುವ ಮುದುಕನ ಗೊಂಬೆ ಎರಡು ಭಾಗ. ಕೆಳಗಿನ ಕಾಲಿನ ಭಾಗದ ಮೇಲೆ ತಗಡಿನ ಬಿಲ್ಲೆ, ಅದರ ಮೇಲೆ ಉರಿಯುವ ಧೂಪದ ಗೋಪುರ. ಮೇಲಿನ ಭಾಗ ಒಳಗೆ ಟೊಳ್ಳು, ಬಾಯಿಗೆ ತೂತು. ಕೆಳಗಿನ ತೂತಿನಿಂದ ಗಾಳಿ ಒಳಗೆ ಹೋಗಿ ಬಿಸಿಯಾಗಿ ಬಾಯಿಂದ ಹೊಗೆಯಾಗಿ ಬರುತ್ತದೆ. ಧೂಪ ಅರ್ಧಕ್ಕೇ ಆರುತ್ತಿದ್ದರೆ ಕೆಳಗಿನ ಗಾಳಿತೂತು ಬೂದಿಯಿಂದ ಮುಚ್ಚಿದೆ ಅಂತ ಅರ್ಥ, ಒಂದು ಕಡ್ಡಿಯಿಂದ ಚುಚ್ಚಿ ತೆಗೆ. ಬಾಯಿಯ ಸುತ್ತ ಕಂದು ಜಿಡ್ಡು ಕೂರುತ್ತದೆ, ಆಗಾಗ ಒರೆಸದಿದ್ದರೆ ಹೊಗೆ ಬಾಯಿ ಬಿಟ್ಟು ಸೊಂಟದ ಸಂದಿಯಿಂದ ಬರತೊಡಗುತ್ತದೆ. ಆ ಧೂಪದಲ್ಲಿ ಇದ್ದಿಲ ಪುಡಿ, ಧೂಪದ ಅಂಟು, ಆಲೂಗಡ್ಡೆ ಹಿಟ್ಟಿನ ಜೊತೆಗೆ ಗಂಧದ ಪುಡಿಯನ್ನೂ ಬೆರೆಸುತ್ತಾರೆ. ಹಾಗಾಗಿ ಮೊದಲ ಬಾರಿಗೇ ಆ ವಾಸನೆ ನಿನಗೆ ಪರಿಚಯದ್ದು ಅನ್ನಿಸಿದರೆ ಅಚ್ಚರಿಪಡಬೇಡ.

ಮೇಣದಬತ್ತಿಯ ಬಿಸಿಗಾಳಿಗೆ ತಿರುಗುವ ಗೋಪುರವನ್ನು ನೀನು ಖಂಡಿತ ಕೊಳ್ಳುತ್ತೀಯ, ಊರಿಗೆ ಕಳಿಸುತ್ತೀಯ. ಅದಕ್ಕೆ ನಾಲ್ಕು ಮಾತು. ನಡುವಿನ ಕಡ್ಡಿಯ ಕೆಳತುದಿಯಲ್ಲಿ ಉಕ್ಕಿನ ಮೊನೆ, ಅದು ಪುಟ್ಟ ಗಾಜಿನ ಬಟ್ಟಲಲ್ಲಿ ನಿಂತು ತಿರುಗುತ್ತದೆ. ತಿರುಗದಿದ್ದರೆ ಮೊದಲು ಆ ಬಟ್ಟಲ ಧೂಳು ಒರೆಸು. ಆಮೇಲೆ ಕಡ್ಡಿ ನೇರ ನಿಂತಿದೆಯೇ ನೋಡು, ಮೇಜು ಓರೆಯಿದ್ದರೂ ಅದು ಮೇಲಿನ ತೂತಿನ ಅಂಚಿಗೆ ಉಜ್ಜುತ್ತದೆ. ಆಮೇಲೆ ಮೇಲ್ತುದಿಯ ರೆಕ್ಕೆಗಳು: ಎಲ್ಲವೂ ಒಂದೇ ಓರೆಯಲ್ಲಿರಬೇಕು, ಒಂದು ಮಲಗಿದ್ದರೂ ಗಾಳಿ ಅಲ್ಲಿ ಸೋರುತ್ತದೆ. ಬತ್ತಿಯ ದಪ್ಪ 14 ಅಥವಾ 17 ಮಿ.ಮೀ., ಗೋಪುರಕ್ಕೆ ತಕ್ಕದ್ದನ್ನು ಕೊಂಡಲ್ಲೇ ಕೇಳಿ ತಗೋ. ಬೆಂಗಳೂರಿನ ಅಂಗಡಿಯ ಬತ್ತಿಯನ್ನು ಕೆರೆದು ಕೂರಿಸಿದರೆ ಜ್ವಾಲೆ ಎತ್ತರವಾಗಿ ರೆಕ್ಕೆ ಕಪ್ಪಾಗುತ್ತದೆ, ಸುಟ್ಟರೂ ಸುಡಬಹುದು. ಮುಖ್ಯವಾಗಿ ಸೀಲಿಂಗ್ ಫ್ಯಾನ್ ನಿಲ್ಲಿಸು. ಬಿಸಿಗಾಳಿ ಮೇಲೇಳುವ ಮೊದಲೇ ಫ್ಯಾನು ಅದನ್ನು ಚೆದುರಿಸುತ್ತದೆ. ನಮ್ಮ ಮನೆಗಳಲ್ಲಿ "ಕೆಟ್ಟುಹೋಯಿತು" ಅಂತ ಕಪಾಟು ಸೇರುವ ಗೋಪುರಗಳಿಗೆ ಬಂದ ರೋಗ ಇದೇ.

ಸುರುಳಿ ಎಲೆಯ ಪುಟ್ಟ ಮರಗಳನ್ನು ಲಿಂಡನ್ ಮರದ ಕಡ್ಡಿಯಿಂದ ಮಾಡುತ್ತಾರೆ. ಉಳಿ ತಳ್ಳಿದಾಗ ಸಿಪ್ಪೆ ಸುರುಳಿಯಾಗಿ ಏಳಬೇಕು, ಉದುರಬಾರದು. ಸುತ್ತು ಸುತ್ತಾಗಿ ಹಾಗೇ ಬಿಡಿಸುತ್ತಾರೆ. ಮರ ಜಾಸ್ತಿ ಒಣಗಿದ್ದರೆ ಸಿಪ್ಪೆ ಮುರಿಯುತ್ತದೆ, ಜಾಸ್ತಿ ಹಸಿಯಿದ್ದರೆ ಸುರುಳಿ ನಿಲ್ಲುವುದಿಲ್ಲ. ಒಂದು ಸಿಪ್ಪೆ ಕಿತ್ತುಬಂದರೆ ಅಂಟಿಸಿ ಸರಿಪಡಿಸುವ ಮಾತಿಲ್ಲ.

ನಿಜವಾದ ಬಳೆಯ ಪ್ರಾಣಿಯನ್ನು ಗುರುತಿಸುವುದು ಹೀಗೆ. ಮೇಲಿನಿಂದ ನೋಡು: ತಲೆಯ ಕಡೆಗೂ ಬಾಲದ ಕಡೆಗೂ ದಪ್ಪದಲ್ಲಿ ತುಸು ವ್ಯತ್ಯಾಸ ಉಳಿದಿರುತ್ತದೆ. ಬಣ್ಣ ಹಾಕದ್ದಾದರೆ ಪಕ್ಕೆ ನೋಡು: ವರ್ಷದ ಉಂಗುರದ ಗೆರೆಗಳು ಬೆನ್ನಿನಿಂದ ಕಾಲಿನ ತನಕ ನೆಟ್ಟಗೆ ಇಳಿದಿರಬೇಕು. ಬೆನ್ನಿನ ಮೇಲೆ ಬೆರಳಾಡಿಸಿದರೆ ಬಳೆಯ ಸುತ್ತಿನ ಸಣ್ಣ ಬಾಗು ಸಿಗುತ್ತದೆ. ಹಲಗೆಯಿಂದ ಯಂತ್ರದಲ್ಲಿ ಕೊಯ್ದದ್ದಾದರೆ ಎರಡು ಪಕ್ಕೆಯೂ ಒಂದಕ್ಕೊಂದು ಸಮಾನಾಂತರ, ಬಾಗು ಇರುವುದಿಲ್ಲ. "ಎಖ್ಟ್ ಎರ್ಟ್ಸ್‌ಗೆಬಿರ್ಗೆ" ಗುರುತು ಇದ್ದರೆ ಆ ಬೆಟ್ಟಸೀಮೆಯ ಕೆಲಸ ಅನ್ನಬಹುದು, ಆದರೆ ಅದು ಬಳೆಯಿಂದ ಬಂದದ್ದೇ ಅನ್ನಲು ನಿನ್ನ ಕಣ್ಣೇ ಬೇಕು. ನನ್ನ ಸಲಹೆ ಕೇಳಿದರೆ ಮೊದಲು ಸೀಳದ ಬಳೆಯ ಒಂದು ಕಾಲುಭಾಗ ತಗೋ. ಅದನ್ನು ಮಾರುವ ಕೆಲಸಗಾರರು ಇದ್ದಾರೆ, ಚನ್ನಪಟ್ಟಣದಲ್ಲಿ ಅದನ್ನು ನೋಡಿದವರಿಗೆ ನೂರು ಮಾತಿನ ವಿವರಣೆ ಬೇಕಾಗುವುದಿಲ್ಲ.

ಆಲೆ ಮರದಲ್ಲಿ ಇದನ್ನು ಮಾಡಬಹುದೇ ಅಂತ ಕೇಳಿದ್ದೀಯ. ನೇರವಾಗಿ ಹೇಳುತ್ತೇನೆ, ಈ ಗಾತ್ರದಲ್ಲಿ ಕಷ್ಟ. ಆಲೆ ದೊಡ್ಡ ಸುತ್ತಳತೆಯ ಮರವಲ್ಲ. ಅದರ ಒಳ್ಳೆಯ ಗುಣ ಅಂದರೆ ನುಣುಪು ಮೈ, ಒತ್ತಾದ ಎಳೆ, ಅರಗು ಚೆನ್ನಾಗಿ ಹಿಡಿಯುವುದು. ಬಳೆಗೆ ಬೇಕಾದದ್ದು ನೇರ ಸೀಳುವ ಗುಣ. ಆದರೂ ಪ್ರಯತ್ನ ಮಾಡಬಯಸಿದರೆ ಯಾವ ಮರವೇ ಆಗಲಿ ಮೊದಲು ಹೀಗೆ ಪರೀಕ್ಷಿಸು: ಹಸಿ ಕಾಂಡದ 10 ಸೆಂ.ಮೀ. ಎತ್ತರದ ತುಂಡು ತಗೊಂಡು ತಿರುಳಿನಿಂದ ಹೊರಕ್ಕೆ ಮಚ್ಚಿನಿಂದ ಸೀಳು. ಸೀಳಿದ ಮುಖ ಮಟ್ಟಸವಾಗಿದ್ದರೆ ಮುಂದುವರಿ. ಮೇಲಿಂದ ಕೆಳಕ್ಕೆ ತಿರುಚಿಕೊಂಡಿದ್ದರೆ, ಅಥವಾ ಸಿಬಿರೆದ್ದಿದ್ದರೆ, ಆ ಮರ ಬಿಡು. ಹೊರ ಅಡ್ಡಳತೆ 12, ಒಳ ಅಡ್ಡಳತೆ 5, ಎತ್ತರ 4 ಸೆಂ.ಮೀ. ಬಳೆಯಿಂದ ಶುರು ಮಾಡಿದರೆ 24 ಪುಟ್ಟ ಪ್ರಾಣಿ ಸಿಗುತ್ತವೆ, ಒಂದೊಂದೂ ಮೂರೂವರೆ ಸೆಂ.ಮೀ. ಉದ್ದ. ಮೊದಲಿಗೆ ಆನೆ ಮಾಡು, ಕಾಲು ದಪ್ಪ, ಕುತ್ತಿಗೆ ಇಲ್ಲ. ಕುದುರೆಗೆ ಕೈ ಹಾಕುವುದು ಆಮೇಲೆ.

ವೇಗದ ವಿಷಯದಲ್ಲಿ ಮಾತ್ರ ಎಚ್ಚರ. 3 ಸೆಂ.ಮೀ. ಕಡ್ಡಿ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಎರಡೂ ಕಾಲು ಮೀಟರು ಚಿಲ್ಲರೆ. ಅದೇ ಸುತ್ತಿನಲ್ಲಿ 30 ಸೆಂ.ಮೀ. ಬಿಲ್ಲೆ ಹಾಕಿದರೆ ಅಂಚು ಹತ್ತು ಪಟ್ಟು, ಸೆಕೆಂಡಿಗೆ 23 ಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡುತ್ತದೆ. ನೀರು ಕುಡಿದು ಭಾರವಾದ ಬಿಲ್ಲೆ ಕಚ್ಚು ಬಿಟ್ಟು ಹಾರಿದರೆ ಎದುರಿದ್ದವರು ಉಳಿಯುವುದು ಕಷ್ಟ. ಬಿಲ್ಲೆ ದೊಡ್ಡದಾದಷ್ಟೂ ಸುತ್ತು ಇಳಿಸಬೇಕು, ಲೇತಿನ ಮಂಚ ಭಾರವಾಗಿರಬೇಕು. ನಮ್ಮ ಸಣ್ಣ ಲೇತುಗಳ ಮೇಲೆ 12 ಸೆಂ.ಮೀ. ದಾಟಬೇಡ.

ಅರಗನ್ನು ಹಸಿ ಬಳೆಗೆ ಹಾಕಲಾಗದು. ಉಜ್ಜಿದ ಬಿಸಿಗೆ ಒಳಗಿನ ನೀರು ಆವಿಯಾಗಿ ಅರಗು ಗುಳ್ಳೆಯೇಳುತ್ತದೆ, ಹಿಡಿಯುವುದಿಲ್ಲ. ಬಳೆಯನ್ನು ನೆರಳಲ್ಲಿ ಪೂರ್ತಿ ಒಣಗಿಸಿ, ಸೀಳುವ ಮೊದಲು ಮತ್ತೆ ಲೇತಿಗೆ ಕೂರಿಸಿ, ಬೆನ್ನಿನ ಸುತ್ತಿಗೆ ಅರಗಿನ ಕಡ್ಡಿ ಹಿಡಿದು ತಾಳೆಗರಿಯಲ್ಲಿ ಮಿರುಗು ಕೊಟ್ಟು, ಆಮೇಲೆ ಸೀಳಿದರೆ ಹೇಗೆ? ಬೆನ್ನಿಗೆ ಬಣ್ಣ, ಎರಡು ಪಕ್ಕೆ ಬರಿ ಮರ. ಸೈಫೆನ್ನಿನ ಸೀಳು, ಚನ್ನಪಟ್ಟಣದ ಅರಗು. ಒಣಗುವಾಗ ಬಳೆ ತುಸು ಸೊಟ್ಟಗಾದರೆ ಅರಗು ಏರಿದ ಕಡೆ ಮಾತ್ರ ಹತ್ತುತ್ತದೆ, ಅದೊಂದು ತೊಡಕು. ಅದಕ್ಕೇ ಸಣ್ಣ ಬಳೆಯೇ ವಾಸಿ. ಇದನ್ನು ನಿಮ್ಮ ಬೀದಿಯ ಹಿರಿಯರೊಬ್ಬರಿಗೆ ಹೇಳಿ ನೋಡು, ಅವರು ನನಗಿಂತ ಚೆನ್ನಾಗಿ ದಾರಿ ತೋರಿಸುತ್ತಾರೆ.

ಹೋಗುವುದು ಸುಲಭ. ಡ್ರೆಸ್ಡೆನ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆಯೊಳಗೆ ತಲುಪಬಹುದು. ರೈಲಾದರೆ ಕೆಮ್ನಿಟ್ಸ್ ಕಡೆಯಿಂದ ಓಲ್ಬರ್ನ್‌ಹೌ ತನಕ, ಅಲ್ಲಿಂದ ಬಸ್ಸು. ವಾಪಸು ಬಸ್ಸಿನ ಹೊತ್ತನ್ನು ಇಳಿದ ಕೂಡಲೇ ನೋಡಿಟ್ಟುಕೋ. ಡಿಸೆಂಬರ್ ಶನಿವಾರ ಭಾನುವಾರಗಳಲ್ಲಿ ಹೋಗಬೇಡ, ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಲೇತಿನ ಹತ್ತಿರವೂ ಬಿಡುವುದಿಲ್ಲ. ದೀಪ ನೋಡುವ ಆಸೆಯಿದ್ದರೆ ಡಿಸೆಂಬರಿನ ವಾರದ ನಡುವೆ ಒಂದು ದಿನ ರಜೆ ಹಾಕು. ಕೆಲಸ ನೋಡುವ ಆಸೆಯಿದ್ದರೆ ಮೇ ತಿಂಗಳು ಒಳ್ಳೆಯದು, ಕೆಲಸಗಾರರಿಗೂ ಮಾತಾಡಲು ಬಿಡುವಿರುತ್ತದೆ. ಹೋಗುವಾಗ ಅರಗು ಹಾಕಿದ ಒಂದು ಚನ್ನಪಟ್ಟಣದ ಗೊಂಬೆ, ಜೊತೆಗೆ ಒಂದು ಅರಗಿನ ಕಡ್ಡಿ ಜೇಬಲ್ಲಿಟ್ಟುಕೋ. ಕಡೆಯುವವನ ಕೈಗೆ ಕೊಟ್ಟರೆ ಮುಂದಿನ ಮಾತಿಗೆ ಜರ್ಮನ್ ಭಾಷೆಯ ಕೊರತೆ ಅಷ್ಟಾಗಿ ಕಾಡುವುದಿಲ್ಲ.

ಯಾವ ದಿನ ಹೋಗುತ್ತೀಯ ಅಂತ ಬರೆ. ಆ ಬಳೆಯ ತುಂಡಿನ ಒಳ ಅಳತೆ, ಹೊರ ಅಳತೆ ಎರಡನ್ನೂ ತೆಗೆದು ಕಳಿಸು.

ಇಂತು ನಿನ್ನ ಗೆಳೆಯ